ಮಿತವ್ಯಯದ ನಡಿಗೆ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಗಳ ಕಡೆಯಿಂದ ಕಾಲ್ನಡೆಯಲ್ಲಿಯೇ ಬರುವ ಭಕ್ತರುಂಟು. ಬುತ್ತಿಯ ಜೋಳದ ರೊಟ್ಟಿಯೇ ಅವರಿಗೆ ಇಂಧನ. ಅಲ್ಪ ಆಹಾರದಿಂದ ಬಹುದೂರ ನಡೆಯುವುದು ನಮಗೆ ಸಹಜವೆಂದು ತೋರುತ್ತದೆ. ಯಂತ್ರಶಿಲ್ಪಿಗಳಿಗಾದರೋ ಇದು ಬಹುಕಾಲ ಒಗಟಾಗಿಯೇ ಉಳಿದಿತ್ತು.

ಜಪಾನಿನ ಹೋಂಡಾ ಸಂಸ್ಥೆಯು 2000ದಲ್ಲಿ ಲೋಕಕ್ಕೆ ತೋರಿದ ‘ಆಸಿಮೊ’ ಎಂಬ ಯಂತ್ರಮಾನವನು ಎರಡು ಕಾಲುಗಳ ಮೇಲೆ ಸೊಗಸಾಗಿ ನಡೆಯುತ್ತಿದ್ದನು. ಆದರೆ ಸಮಾನ ಭಾರವನ್ನು ಸಮಾನ ದೂರ ಸಾಗಿಸಲು ಅವನಿಗೆ ಮನುಷ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂದಾಜು ಮಾಡಿದರು. ಅವನ ಕೀಲುಗಳ ಚಲನೆಯನ್ನೆಲ್ಲ ಮೋಟಾರುಗಳು ಕ್ಷಣಕ್ಷಣವೂ ಬಿಗಿಹಿಡಿದು ನಡೆಸುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ನಡಿಗೆ ಹಾಗಲ್ಲ. ಎತ್ತಿದ ಕಾಲು ಗಡಿಯಾರದ ಲೋಲಕದಂತೆ ಬಹುಮಟ್ಟಿಗೆ ತನ್ನ ಭಾರದಿಂದಲೇ ಮುಂದಕ್ಕೆ ತೂಗುತ್ತದೆ. ಊರಿದ ಕಾಲು ತಲೆಕೆಳಗಾದ ಲೋಲಕದಂತೆ ದೇಹವನ್ನು ಹೊತ್ತು ಮುಂದಕ್ಕೆ ವಾಲುತ್ತದೆ. ಹೆಜ್ಜೆಹೆಜ್ಜೆಗೂ ನಾವು ಬೀಳುತ್ತೇವೆ. ಬೀಳುವ ಮುನ್ನವೇ ಮತ್ತೊಂದು ಕಾಲನ್ನು ಊರುತ್ತೇವೆ. ಪಾದವು ನೆಲವನ್ನು ಬಡಿಯುವಾಗ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಆ ನಷ್ಟವನ್ನು ತುಂಬಿಕೊಟ್ಟರೆ ನಡಿಗೆ ಮುಂದುವರಿಯುತ್ತದೆ.

ಈ ತತ್ತ್ವವನ್ನು 1990ರಲ್ಲಿ ಕೆನಡದ ಟ್ಯಾಡ್ ಮೆಕ್‌ಗೀರ್ ಸಿದ್ಧಪಡಿಸಿ ತೋರಿಸಿದನು. ಅವನ ಯಂತ್ರಕ್ಕೆ ಮೋಟಾರೂ ಇರಲಿಲ್ಲ, ಗಣಕವೂ ಇರಲಿಲ್ಲ. ಅಲ್ಪ ಇಳಿಜಾರಿನ ಹಲಗೆಯ ಮೇಲೆ ಬಿಟ್ಟರೆ ಅದು ತಾನಾಗಿ ನಡೆದಿಳಿಯುತ್ತಿತ್ತು. ಕಳೆದ ಶಕ್ತಿಯನ್ನು ಗುರುತ್ವಾಕರ್ಷಣವೇ ತುಂಬಿಕೊಡುತ್ತಿತ್ತು.

ಸಮತಲದಲ್ಲಿ ಈ ನೆರವು ದೊರೆಯದು. ಅಲ್ಲಿ ಹಿಂಗಾಲಿನ ಪಾದದಿಂದ ಸಕಾಲದಲ್ಲಿ ಒಂದು ಚಿಕ್ಕ ನೂಕು ಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ‘ರೇಂಜರ್’ ಹೀಗೆಯೇ ನಡೆಯಿತು. ಇದಕ್ಕೆ ನಾಲ್ಕು ಕಾಲುಗಳಿದ್ದರೂ ಅವು ಜೋಡಿಜೋಡಿಯಾಗಿ ಚಲಿಸುವುದರಿಂದ ನಡಿಗೆ ದ್ವಿಪಾದಿಯದೇ. 2011ರ ಮೇ ತಿಂಗಳಲ್ಲಿ ಇದು ವಿದ್ಯುತ್ಕೋಶವನ್ನು ಮತ್ತೆ ತುಂಬದೆ 30 ಗಂಟೆ 49 ನಿಮಿಷಗಳಲ್ಲಿ 65 ಕಿಲೋಮೀಟರಿಗೂ ಹೆಚ್ಚು ದೂರ, 1,86,076 ಹೆಜ್ಜೆಗಳನ್ನು ಕ್ರಮಿಸಿತು. ಇದು ಕೊಪ್ಪಳದಿಂದ ಗಂಗಾವತಿಗಿರುವ ದಾರಿಗಿಂತ ಉದ್ದ. ವ್ಯಯವಾದ ವಿದ್ಯುತ್ತು ಸುಮಾರು ಅರ್ಧ ಯೂನಿಟ್! ಎರಡು ಮೂರು ಜೋಳದ ರೊಟ್ಟಿಗಳಲ್ಲಿ ಅಡಗಿರುವ ಶಕ್ತಿಯೂ ಹೆಚ್ಚು ಕಡಿಮೆ ಇಷ್ಟೇ.

ರೇಂಜರಿನ ತೂಕ ಸುಮಾರು 10 ಕಿಲೋಗ್ರಾಂ ಮಾತ್ರ. ಅದು ನಡೆದದ್ದು ಸಮತಟ್ಟಾದ ಒಳಾಂಗಣದಲ್ಲಿ ಎಂಬುದನ್ನು ನಾವು ಮರೆಯಬಾರದು. ಗಂಗಾವತಿ ಸಮೀಪದ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಅದು ಏರಲಾರದು. ಆದರೂ ಈ ಅರಿವಿನ ಬೆಲೆ ದೊಡ್ಡದು. ಕಾಲು ಕಳೆದುಕೊಂಡವರು ಸಾಮಾನ್ಯ ಕೃತಕ ಕಾಲಿನಿಂದ ನಡೆಯುವಾಗ ಇತರರಿಗಿಂತ ಬೇಗ ದಣಿಯುತ್ತಾರೆ. ಪಾದದ ನೂಕು ಅದರಲ್ಲಿ ಇಲ್ಲದಿರುವುದು ಇದಕ್ಕೊಂದು ಕಾರಣ. ಆ ನೂಕನ್ನು ಅಲ್ಪ ವಿದ್ಯುತ್ತಿನಿಂದ ಒದಗಿಸಬಲ್ಲ ಪಾದಗಳು ಈಗಾಗಲೇ ನಿರ್ಮಾಣಗೊಂಡಿವೆ. ಅವು ಅಗ್ಗವಾಗಿ ಹಳ್ಳಿಯ ರೈತನಿಗೂ ದೊರೆಯುವಂತೆ ಮಾಡುವ ಕೆಲಸವು ಇಂದಿನ ವಿದ್ಯಾರ್ಥಿಗಳಿಗಾಗಿ ಕಾದಿದೆ.