ಮೇ ಮತ್ತು ಜುಲೈ ನಡುವೆ

ಕಮಲಾ ಹ್ಯಾರಿಸ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಮಿನ್ನೆಸೋಟದ ಗವರ್ನರ್ ಟಿಮ್ ವಾಲ್ಝ್ ಅವರ ಹೆಸರು ಹೇಳಿದ್ದು 2024ರ ಆಗಸ್ಟ್ 6ರಂದು. ಮರುದಿನವೇ ಟ್ರಂಪ್ ಕಡೆಯ ಎದುರಾಳಿ ಜೆ.ಡಿ. ವ್ಯಾನ್ಸ್ ಮಿಷಿಗನ್‌ನಲ್ಲಿ ಆರೋಪ ಹೊರಿಸಿದರು: ಪಲ್ಟನ್ ಇರಾಕಿಗೆ ಹೊರಡುವ ಹೊತ್ತಿಗೆ ವಾಲ್ಝ್ ಸೇನೆ ಬಿಟ್ಟು, ಜೊತೆಗಾರರ ಕೈಬಿಟ್ಟರು. ನಮ್ಮಲ್ಲಾಗಿದ್ದರೆ ‘ಉತ್ತರಕುಮಾರ’ ಎಂದು ಹಳಿಯುತ್ತಿದ್ದರು.

ಈ ಆರೋಪ ನಿಂತಿರುವುದೇ ತಾರೀಖುಗಳ ಮೇಲೆ. ವಾಲ್ಝ್ 1981ರಲ್ಲಿ, 17ನೇ ವಯಸ್ಸಿಗೆ ನೆಬ್ರಾಸ್ಕದಲ್ಲಿ ನ್ಯಾಷನಲ್ ಗಾರ್ಡ್ ಸೇರಿದರು. ಗಾರ್ಡ್‌ನವರು ಊರಲ್ಲಿ ತಮ್ಮ ಉದ್ಯೋಗ ಮಾಡಿಕೊಂಡಿದ್ದು, ಕರೆ ಬಂದಾಗ ಸಮವಸ್ತ್ರ ತೊಡುವ ಸೈನಿಕರು. ಇವರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಇಪ್ಪತ್ತು ವರ್ಷ ಮುಗಿಸಿ ಹೊರಬೀಳಬಹುದಾಗಿದ್ದರೂ, ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದ ಮೇಲೆ ಸೇವೆ ಮುಂದುವರಿಸಿದರು. 2003ರಲ್ಲಿ ಅವರಿದ್ದ ಮಿನ್ನೆಸೋಟದ ಫಿರಂಗಿ ಬೆಟಾಲಿಯನ್ ಇಟಲಿಗೆ ಹೋಯಿತು.

ಇನ್ನು 2005. ಫೆಬ್ರುವರಿಯಲ್ಲಿ ಅವರು ಸಂಸತ್ ಚುನಾವಣೆಗೆ ಹೆಸರು ನೋಂದಾಯಿಸಿದರು. ಮಾರ್ಚ್‌ನಲ್ಲಿ, ಎರಡು ವರ್ಷದೊಳಗೆ ಮಿನ್ನೆಸೋಟದ ಸುಮಾರು 2,000 ಗಾರ್ಡ್ ಸೈನಿಕರನ್ನು ಇರಾಕಿಗೆ ಕಳಿಸಬಹುದೆಂಬ ಸೂಚನೆ ಬಂತು. ಕರೆ ಬಂದರೆ ಹೋಗುತ್ತೇನೆ ಎಂದು ವಾಲ್ಝ್ ಪ್ರಕಟಣೆ ಕೊಟ್ಟರು. ಮೇ ತಿಂಗಳಲ್ಲಿ ನಿವೃತ್ತಿ ಪಡೆದರು. ಬೆಟಾಲಿಯನ್‌ಗೆ ಸಿದ್ಧರಾಗಿ ಎಂಬ ಅಧಿಕೃತ ಆದೇಶ ಬಂದದ್ದು ಜುಲೈನಲ್ಲಿ.

ಹಾಗಾಗಿ ಆದೇಶ ಧಿಕ್ಕರಿಸಿ ಓಡಿದರು ಎಂಬುದು ಸುಳ್ಳು. ಇರಾಕಿನ ಸುಳಿವೇ ಇರಲಿಲ್ಲ ಎಂಬುದೂ ನಿಜವಲ್ಲ. 24 ವರ್ಷ ದುಡಿದವರಿಗೆ ನಿವೃತ್ತಿಯ ಹಕ್ಕಿತ್ತು, ಅದನ್ನು ಬಳಸಿದರು. ಅದರಲ್ಲಿ ನನಗೆ ಹೇಡಿತನ ಕಾಣುವುದಿಲ್ಲ.

ಅವರು ನಿಜಕ್ಕೂ ತಪ್ಪಿದ್ದು ಬೇರೆ ಕಡೆ. ಕಮಾಂಡ್ ಸಾರ್ಜೆಂಟ್ ಮೇಜರ್ ಹುದ್ದೆಯಲ್ಲಿ ಕೆಲಸ ಮಾಡಿದ್ದು ಹೌದು. ಆದರೆ ಅದಕ್ಕೆ ಬೇಕಾದ ತರಬೇತಿ ಪೂರೈಸಲಿಲ್ಲವಾದ್ದರಿಂದ ಪಿಂಚಣಿ ದಾಖಲೆಯಲ್ಲಿ ಒಂದು ಮೆಟ್ಟಿಲು ಕೆಳಗಿನ ಮಾಸ್ಟರ್ ಸಾರ್ಜೆಂಟ್ ಆಗಿಯೇ ಉಳಿದರು. ಅವರ ಪ್ರಚಾರದ ಬರಹಗಳು ಮಾತ್ರ ದೊಡ್ಡ ಹುದ್ದೆಯಿಂದಲೇ ನಿವೃತ್ತರೆಂದು ಹೇಳುತ್ತಿದ್ದವು. ಗಲಾಟೆ ಎದ್ದ ಮೇಲೆ ತಿದ್ದಲಾಯಿತು. ಅದಕ್ಕಿಂತ ಭಾರವಾದದ್ದು 2018ರ ಮಾತು. ಬಂದೂಕು ನಿಯಂತ್ರಣದ ಬಗ್ಗೆ ಮಾತಾಡುತ್ತಾ, ತಾನು ಯುದ್ಧದಲ್ಲಿ ಹಿಡಿದ ಆಯುಧ ಯುದ್ಧದಲ್ಲೇ ಇರಲಿ ಎಂಬರ್ಥದಲ್ಲಿ ಹೇಳಿದ್ದರು. ಅವರು ಯುದ್ಧ ಕಂಡವರೇ ಅಲ್ಲ. ಬಾಯಿತಪ್ಪಿ ಬಂದ ಮಾತು ಎಂದು ಪ್ರಚಾರ ತಂಡ ಸಮಜಾಯಿಷಿ ಕೊಟ್ಟಿತು. ವಾಲ್ಝ್ ಸಿಎನ್‌ಎನ್ ಸಂದರ್ಶನದಲ್ಲಿ ತಪ್ಪನ್ನು ತಮ್ಮ ವ್ಯಾಕರಣದ ಮೇಲೆ ಹಾಕಿದರು. ನೇರವಾಗಿ ಕ್ಷಮೆ ಕೇಳಬೇಕಿತ್ತು.

ಆರೋಪಿಸಿದ ವ್ಯಾನ್ಸ್ ಮರೀನ್ ಪಡೆಯಲ್ಲಿ ನಾಲ್ಕು ವರ್ಷ ಇದ್ದವರು, 2005ರಲ್ಲಿ ಸೇನಾ ವರದಿಗಾರರಾಗಿ ಇರಾಕಿಗೂ ಹೋದವರು. ಅದು ಗೌರವದ ಸೇವೆಯೇ. ಆದರೆ ಟ್ರಂಪ್ ಪ್ರಚಾರದ ಹೊಣೆ ಹೊತ್ತವರಲ್ಲಿ ಒಬ್ಬರಾದ ಕ್ರಿಸ್ ಲಾಸಿವಿಟಾ, 2004ರಲ್ಲಿ ಅಧ್ಯಕ್ಷ ಅಭ್ಯರ್ಥಿಯಾಗಿದ್ದ ಜಾನ್ ಕೆರಿಯ ವಿಯೆಟ್ನಾಂ ಪದಕಗಳನ್ನೇ ಪ್ರಶ್ನಿಸಿದ ಜಾಹೀರಾತುಗಳ ಹಿಂದೆಯೂ ಇದ್ದವರು. ಯುದ್ಧಕ್ಕೆ ಹೋಗಿ ಮೂರು ಬಾರಿ ಗಾಯದ ಪದಕ ಪಡೆದ ಕೆರಿಗೂ ಅದೇ ಗತಿ, ಹೋಗದ ವಾಲ್ಝ್‌ಗೂ ಅದೇ ಗತಿ.

ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಇರುವುದು ಆ ಬೆಟಾಲಿಯನ್‌ನವರಿಗೆ. 2006ರಲ್ಲಿ ಇರಾಕಿಗೆ ಹೋದ ಅವರ ವಾಸ್ತವ್ಯವನ್ನು ಅಲ್ಲಿದ್ದಾಗಲೇ ವಿಸ್ತರಿಸಲಾಯಿತು. ಮನೆ ಸೇರುವಷ್ಟರಲ್ಲಿ 2007 ಬಂದಿತ್ತು. ಅವರಲ್ಲಿ ಕೆಲವರು ವಾಲ್ಝ್ ತಮ್ಮ ಜೊತೆ ಬರಬೇಕಿತ್ತು ಎಂದು ಬಹಿರಂಗವಾಗಿ ದೂರಿದರು, ಇನ್ನು ಕೆಲವರು ಅವರನ್ನು ಸಮರ್ಥಿಸಿಕೊಂಡರು. ಆ ಸಿಟ್ಟು 2024ರಲ್ಲಿ ಹುಟ್ಟಿದ್ದಲ್ಲ. 2018ರ ಗವರ್ನರ್ ಚುನಾವಣೆಯಲ್ಲೇ ಹೇಳಿಕೊಂಡಿದ್ದರು. ಆಗ ಮಿನ್ನೆಸೋಟದ ಆಚೆ ಕಿವಿಗೊಟ್ಟವರು ಕಡಿಮೆ.