ರಬ್ಬರಿಗೆ ಪ್ರತಿಯಾಗಿ ಅಕ್ಕಿ

ರಬ್ಬರು ತೋಟದಲ್ಲಿ ದಿನದ ಕೆಲಸ ಮೊದಲಾಗುವುದು ಬೆಳಕು ಹರಿಯುವುದಕ್ಕೆ ಮುನ್ನ. ಬಿಸಿಲೇರಿದರೆ ಮರದ ಹಾಲಿನ ಹರಿವು ಬೇಗನೆ ನಿಂತುಹೋಗುವುದರಿಂದ ಕೆಲಸಗಾರರು ನಸುಕಿನಲ್ಲಿಯೇ ಹೊರಟು, ಬಾಗಿದ ಅಲಗಿನ ಚಾಕುವಿನಿಂದ ತೊಗಟೆಯ ಮೇಲೆ ಓರೆಯಾಗಿ ತೆಳುವಾದ ಗೀರು ತೆಗೆದು, ಅದರ ಕೆಳಗೆ ತೆಂಗಿನ ಕರಟವನ್ನಿರಿಸಿ ಮುಂದಿನ ಮರಕ್ಕೆ ಸಾಗುತ್ತಾರೆ. ಹೀಗೆ ಸಂಗ್ರಹವಾದ ಹಾಲಿಗೆ ತುಸು ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ಉರುಳೆಗಳ ನಡುವೆ ಒತ್ತಿ ಹಾಳೆ ಮಾಡಿ, ಹೊಗೆಮನೆಯಲ್ಲಿ ತೂಗುಹಾಕಿ ಒಣಗಿಸಿದರೆ ಕಂದು ಬಣ್ಣದ ರಬ್ಬರು ಸಿದ್ಧವಾಗುತ್ತದೆ.

ಇಂದು ಶ್ರೀಲಂಕಾ ಎನಿಸಿಕೊಂಡಿರುವ, 1972ರವರೆಗೆ ಸಿಲೋನ್ ಎಂಬ ಹೆಸರಿದ್ದ, ನಮ್ಮ ಹಿರಿಯರು ಸಿಂಹಳವೆಂದು ಕರೆಯುತ್ತಿದ್ದ ದ್ವೀಪಕ್ಕೆ ಈ ಮರ ಹೊರಗಿನಿಂದ ಬಂದದ್ದು. ಹೆನ್ರಿ ವಿಕಮ್ ಎಂಬಾತ 1876ರಲ್ಲಿ ಬ್ರೆಜಿಲಿನಿಂದ ತಂದ ಬೀಜಗಳು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಮೊಳೆತು, ಅದೇ ವರ್ಷ ಸಸಿಗಳಾಗಿ ಸಿಂಹಳಕ್ಕೆ ಹಡಗೇರಿದವು. ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ ಚಹ, ರಬ್ಬರು, ತೆಂಗು, ಈ ಮೂರೇ ಆ ನಾಡಿನ ವಿದೇಶ ವ್ಯಾಪಾರದ ಆಧಾರವಾಗಿದ್ದವು. ಆದರೆ ಚಹ ಕುಡಿದು ಹೊಟ್ಟೆ ತುಂಬುವುದಿಲ್ಲ. ರಬ್ಬರಿನ ಮಾತಂತೂ ಬೇಡ. ಸಿಂಹಳದವರು ನಮ್ಮಂತೆಯೇ ಅನ್ನ ಉಣ್ಣುವ ಜನ. ತಮಗೆ ಬೇಕಾದ ಅಕ್ಕಿಯಲ್ಲಿ ಅರ್ಧಕ್ಕೂ ಹೆಚ್ಚಿನದನ್ನು ಅವರು ಹೊರನಾಡುಗಳಿಂದ ಕೊಳ್ಳಬೇಕಾಗಿತ್ತು. ತೋಟದ ಉತ್ಪನ್ನವನ್ನು ಮಾರಿ ಅನ್ನವನ್ನು ಕೊಳ್ಳುವ ಸಂಸಾರ ಅದು.

1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಈ ಸಂಸಾರಕ್ಕೆ ಮೊದಲು ಶುಕ್ರದೆಸೆ ತಿರುಗಿದಂತೆ ಕಂಡಿತು. ಅಮೆರಿಕ ಮುಂತಾದ ರಾಷ್ಟ್ರಗಳು ಟೈರುಗಳಿಗಾಗಿ ರಬ್ಬರನ್ನು ರಾಶಿ ಹಾಕತೊಡಗಿದ್ದರಿಂದ ಬೆಲೆ ಗಗನಕ್ಕೇರಿತು. ಆದರೆ ದಾಸ್ತಾನು ಭರ್ತಿಯಾದ ಮೇಲೆ ಕೊಳ್ಳುವವರ ಆತುರ ತಗ್ಗಿತು. 1952ರ ವೇಳೆಗೆ ರಬ್ಬರಿನ ಧಾರಣೆ ಹಿಂದಿನ ವರ್ಷದ ಶಿಖರದಿಂದ ಅರ್ಧಕ್ಕಿಂತಲೂ ಕೆಳಕ್ಕೆ ಕುಸಿದಿತ್ತು. ದುರದೃಷ್ಟವೆಂದರೆ ಅದೇ ಕಾಲದಲ್ಲಿ ಅಕ್ಕಿಯ ಬೆಲೆ ಏರುತ್ತಲೇ ಇತ್ತು. ಬೆಲೆ ತೆರಲು ಸಿದ್ಧರಾದರೂ ಬೇಕಾದಷ್ಟು ಅಕ್ಕಿ ದೊರೆಯುವ ಭರವಸೆ ಇರಲಿಲ್ಲ. ಪಡಿತರದ ಅಂಗಡಿಯ ಮುಂದೆ ನಿಂತ ಅನುಭವವಿರುವ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇತ್ತ ಚೀನದ ಪಾಡು ಇದಕ್ಕೆ ತದ್ವಿರುದ್ಧ. ಅದಕ್ಕೆ ರಬ್ಬರು ಬೇಕಾಗಿತ್ತು, ಆದರೆ ಕೊಡುವವರಿರಲಿಲ್ಲ. ಕೊರಿಯಾದಲ್ಲಿ ಚೀನದ ಸೈನ್ಯ ಯುದ್ಧಕ್ಕಿಳಿದಿದ್ದುದರಿಂದ ಯುದ್ಧೋಪಯೋಗಿ ಸಾಮಗ್ರಿಗಳನ್ನು ಅದಕ್ಕೆ ಮಾರಕೂಡದೆಂದು ವಿಶ್ವಸಂಸ್ಥೆ 1951ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತ್ತು. ರಬ್ಬರೂ ಆ ಪಟ್ಟಿಗೆ ಸೇರಿತ್ತು. ಬ್ರಿಟಿಷರ ಕೈಯಲ್ಲಿದ್ದ ಮಲಯದ ಬಾಗಿಲು ಮುಚ್ಚಿತು. ಸಿಂಹಳವಾದರೋ ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯನೇ ಆಗಿರಲಿಲ್ಲ. ಸದಸ್ಯತ್ವ ದೊರೆತದ್ದು 1955ರಲ್ಲಿ. ಸಭೆಯ ಹೊರಗೆ ನಿಂತವನಿಗೆ ಸಭೆಯ ಕಟ್ಟಳೆ ಎಲ್ಲಿಯದು!

ಆಗಿನ ಪ್ರಧಾನಿ ಡಡ್ಲಿ ಸೇನಾನಾಯಕೆ ಸಮತಾವಾದಿಗಳ ಮಿತ್ರರೇನಲ್ಲ. ಚೀನದೊಡನೆ ಅವರ ಸರ್ಕಾರಕ್ಕೆ ರಾಯಭಾರ ಸಂಬಂಧವೂ ಇರಲಿಲ್ಲ. ಆದರೂ ವಾಣಿಜ್ಯ ಸಚಿವ ಆರ್. ಜಿ. ಸೇನಾನಾಯಕೆಯವರ ನೇತೃತ್ವದಲ್ಲಿ ನಿಯೋಗವೊಂದು ಪೀಕಿಂಗಿಗೆ ಹೋಯಿತು. 1952ರ ಅಕ್ಟೋಬರಿನಲ್ಲಿ 80,000 ಟನ್ ಅಕ್ಕಿಗೆ ಮಾತಾಯಿತು. ಡಿಸೆಂಬರಿನಲ್ಲಿ ಐದು ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಪ್ರತಿವರ್ಷ ಚೀನ 2,70,000 ಟನ್ ಅಕ್ಕಿ ಕಳುಹಿಸಬೇಕು. ಸಿಂಹಳ 50,000 ಟನ್ ರಬ್ಬರು ಕೊಡಬೇಕು. ಹಳ್ಳಿಯಲ್ಲಿ ಭತ್ತವಳೆದು ಉಪ್ಪು ಕೊಳ್ಳುತ್ತಿದ್ದ ಬಗೆಯ ವಿನಿಮಯವಿದು ಎಂದು ಹಲವರು ಬಣ್ಣಿಸಿದ್ದುಂಟು. ಅದು ಪೂರ್ತಿ ಸರಿಯಲ್ಲ. ಎರಡು ಸರಕುಗಳಿಗೂ ಪ್ರತ್ಯೇಕವಾಗಿ ಬೆಲೆ ಕಟ್ಟಲಾಗುತ್ತಿತ್ತು. ಸಿಂಹಳದ ಲಾಭವಿದ್ದುದು ಆ ಬೆಲೆಯಲ್ಲಿಯೇ: ಬೇರೆಲ್ಲೂ ರಬ್ಬರು ಸಿಗದ ಚೀನ ಪೇಟೆಯ ಧಾರಣೆಗಿಂತ ಗಣನೀಯವಾಗಿ ಹೆಚ್ಚು ತೆರಲು ಒಪ್ಪಿತ್ತು. ನಾಲ್ಕಾರು ಎಕರೆಯ ಸಣ್ಣ ತೋಟಗಾರರೂ ಇದರಿಂದ ಉಸಿರಾಡುವಂತಾಯಿತು.

ಅಮೆರಿಕ ಇದನ್ನು ಸಹಿಸಲಿಲ್ಲ. ಸಮತಾವಾದಿ ರಾಷ್ಟ್ರಗಳಿಗೆ ಇಂತಹ ಸಾಮಗ್ರಿ ಮಾರುವವರಿಗೆ ನೆರವು ಕೊಡಬಾರದೆಂಬ 1951ರ ಕಾನೂನನ್ನು ಮುಂದೊಡ್ಡಿ ಸಿಂಹಳಕ್ಕೆ ಸಹಾಯವನ್ನು ನಿರಾಕರಿಸಿತು. ಅದು ಮತ್ತೆ ದೊರೆಯತೊಡಗಿದ್ದು 1956ರಲ್ಲಿ. ಹಸಿದವನಿಗೆ ತಾನೂ ಕಡಿಮೆ ಬೆಲೆಗೆ ಅನ್ನ ಕೊಡದೆ, ಕೊಡುವವನ ಮನೆಗೆ ಹೋಗಬೇಡವೆಂದರೆ ಯಾರು ಕೇಳಿಯಾರು?

ಇಷ್ಟಾದರೂ ಒಪ್ಪಂದ ಎಲ್ಲ ಕಷ್ಟಗಳನ್ನೂ ಪರಿಹರಿಸಲಿಲ್ಲ. ಅಕ್ಕಿ ಬಂದರಿಗೆ ಬರುವುದು ಒಂದು, ಬಡವನ ಮಡಕೆಗೆ ಬರುವುದು ಇನ್ನೊಂದು. ಸರ್ಕಾರ ಕೊಂಡ ಬೆಲೆಗಿಂತ ಬಹಳ ಅಗ್ಗವಾಗಿ ಪಡಿತರದಲ್ಲಿ ಅಕ್ಕಿ ಮಾರುತ್ತಿತ್ತು. ಆ ಹೊರೆ ಬೊಕ್ಕಸಕ್ಕೆ ತಾಳಲಾರದಷ್ಟಾಗಿತ್ತು. ಹಣಕಾಸಿನ ಸಚಿವ ಜೆ. ಆರ್. ಜಯವರ್ಧನೆಯವರು 1953ರ ಜುಲೈಯಲ್ಲಿ ಸಹಾಯಧನವನ್ನು ಕಿತ್ತುಹಾಕಿದಾಗ ಒಂದು ಅಳತೆ ಅಕ್ಕಿಯ ಬೆಲೆ 25 ಸೆಂಟಿನಿಂದ ಒಮ್ಮೆಗೇ 70 ಸೆಂಟಿಗೆ ಜಿಗಿಯಿತು. ಆಗಸ್ಟ್ 12ರಂದು ದೇಶದ ಹಲವೆಡೆ ಹರತಾಳ ನಡೆದು, ಗೋಲಿಬಾರಿನಲ್ಲಿ ಜನ ಸತ್ತರು. ಮಂತ್ರಿಮಂಡಲ ಕೊಲಂಬೊ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಯೊಂದರ ಮೇಲೆ ಸಭೆ ಸೇರಬೇಕಾಯಿತು. ಅಕ್ಟೋಬರಿನಲ್ಲಿ ಡಡ್ಲಿ ಸೇನಾನಾಯಕೆಯವರು ರಾಜೀನಾಮೆ ಕೊಟ್ಟರು. ಅಕ್ಕಿಗಾಗಿ ಲೋಕದ ಬಲಿಷ್ಠ ರಾಷ್ಟ್ರದ ಮುನಿಸನ್ನು ಕಟ್ಟಿಕೊಂಡವರು ಅಕ್ಕಿಯ ಬೆಲೆಯಿಂದಲೇ ಅಧಿಕಾರ ಬಿಟ್ಟರು.

ಒಪ್ಪಂದ ಮಾತ್ರ ಉಳಿಯಿತು. ಆದರೆ ಅದರ ಸ್ವರೂಪ ಬದಲಾಯಿತು. 1956ರಲ್ಲಿ ಮಲಯದ ರಬ್ಬರಿಗೆ ಚೀನದ ದಾರಿ ಮತ್ತೆ ತೆರೆಯಿತು. ಕೊಡುವವರು ಹಲವರಾದ ಮೇಲೆ ಹೆಚ್ಚಿನ ಬೆಲೆ ತೆರುವ ಅಗತ್ಯ ಚೀನಕ್ಕೆ ಉಳಿಯಲಿಲ್ಲ. ಬಂಡಾರನಾಯಕೆಯವರ ಕಾಲದಲ್ಲಿ, 1957ರಲ್ಲಿ, ಎರಡು ದೇಶಗಳ ನಡುವೆ ರಾಯಭಾರ ಸಂಬಂಧ ಏರ್ಪಟ್ಟಿತು, ಒಪ್ಪಂದವನ್ನೂ ನವೀಕರಿಸಲಾಯಿತು. ಈ ಸಲ ರಬ್ಬರಿಗೆ ಪೇಟೆಯ ಬೆಲೆ ಮಾತ್ರ. ಅದರ ಬದಲಿಗೆ, ಹಾಲು ಬತ್ತಿದ ಹಳೆಯ ರಬ್ಬರು ಮರಗಳನ್ನು ಕಿತ್ತು ಹೊಸ ಸಸಿಗಳನ್ನು ನೆಡಲು ಚೀನ ಧನಸಹಾಯ ಕೊಡಲೊಪ್ಪಿತು. ರಬ್ಬರು ಸಸಿ ಹಾಲು ಕೊಡಲು ಆರೇಳು ವರ್ಷ ಬೇಕು. ಆ ಸಸಿಗಳು ಬೆಳೆದು ಚಾಕುವಿಗೆ ಸಿದ್ಧವಾದ ಮೇಲೆಯೂ, 1982ರವರೆಗೆ, ಕೊಲಂಬೊ ಬಂದರಿನಲ್ಲಿ ಚೀನದ ಅಕ್ಕಿ ಇಳಿಯುತ್ತಿತ್ತು. ರಬ್ಬರಿನ ಹಾಳೆಗಳು ಹಡಗೇರುತ್ತಿದ್ದವು.