ಬಿಡಿಭಾಗ ಸಿಗದಿದ್ದಾಗ: ಹಳೆಯ ಜಾವಾ, ಯೆಜ್ಡಿ ಗಾಡಿಗಳ ಮರುಜೋಡಣೆ



ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಂಥ ಊರಿನಲ್ಲಿ ನಿಮ್ಮ ಮನೆ ಇದೆ ಎಂದಿಟ್ಟುಕೊಳ್ಳಿ. ದನದ ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಗೋಣಿಚೀಲಗಳ ಮರೆಯಲ್ಲಿ, ಅಜ್ಜ ಓಡಿಸುತ್ತಿದ್ದ ಯೆಜ್ಡಿ ನಿಂತಿದೆ. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಆಸೆ ನಿಮಗಿದೆ. ಬಿಚ್ಚಿ ನೋಡಿದರೆ ಬುಷ್ ಸವೆದಿದೆ, ಮಡ್‌ಗಾರ್ಡ್ ತುಕ್ಕು ಹಿಡಿದಿದೆ, ಒಂದೆರಡು ಭಾಗಗಳು ಕಾಣೆಯಾಗಿವೆ. ಅಂಗಡಿಯಲ್ಲಿ ಕೇಳಿದರೆ "ಈಗ ಬರೋದಿಲ್ಲ" ಎಂಬ ಉತ್ತರ. ಆಗ ಏನು ಮಾಡಬೇಕು? ಯಾವ ಭಾಗವನ್ನು ಊರಿನ ಲೇಥಿನಲ್ಲಿ ಮಾಡಿಸಬಹುದು, ಯಾವುದನ್ನು ಮಾಡಿಸಲೇಬಾರದು? ಪರದೆಯ ಮೇಲೆ ಲೇಥ್ ತಿರುಗುವುದನ್ನು ನೋಡುವುದು ಸುಲಭ. ಅಳತೆ, ಎಚ್ಚರಿಕೆಗಳನ್ನು ನೆನಪಿನಲ್ಲಿಡುವುದು ಕಷ್ಟ. ಬಿಡುವಾಗಿ ಓದಿಕೊಳ್ಳಲೆಂದು ಅವನ್ನು ಇಲ್ಲಿ ಕೊಟ್ಟಿದೆ.

ಭಾಗಗಳು ಏಕೆ ಸಿಗುವುದಿಲ್ಲ?

ಈ ಗಾಡಿಗಳು ನಮ್ಮ ಮೈಸೂರಿನವು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದಲ್ಲಿ ಐಡಿಯಲ್ ಜಾವಾ ಸಂಸ್ಥೆ 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಮೊದಲು ಜಾವಾ ಎಂಬ ಹೆಸರಿನಿಂದ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಿಂದ ಗಾಡಿಗಳು ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನಿನ ಹೊಸ ಗಾಡಿಗಳು. ಅವುಗಳ ಭಾಗ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಕೂಡುವುದಿಲ್ಲ. ಹಳೆಯ ನಮೂನೆಯ ಭಾಗಗಳನ್ನು ಕೆಲವು ಸಣ್ಣ ತಯಾರಕರು ಮಾಡಿ ಮಾರುತ್ತಾರೆ. ಅವುಗಳ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಕೊಂಡ ಭಾಗವನ್ನೂ ಅಳೆದು ನೋಡಿಯೇ ಕೂಡಿಸಬೇಕು.

ಮೊದಲು ಅಳತೆ, ಆಮೇಲೆ ಲೇಥ್

ಪಂಪ್‌ಸೆಟ್ಟಿನ ಬುಷ್ ಸವೆದಾಗ ಲೇಥಿಗೆ ಒಯ್ಯುವುದು ರೈತರಾದ ನಿಮಗೆ ಹೊಸದೇನಲ್ಲ. ಇಲ್ಲಿಯೂ ಅದೇ ವಿದ್ಯೆ. ಆದರೆ ಅಳತೆ ಇನ್ನೂ ಸೂಕ್ಷ್ಮ. ಹಳೆಯ ಭಾಗವನ್ನು ಗುಜರಿಗೆ ಹಾಕಬೇಡಿರಿ, ಅದೇ ನಿಮ್ಮ ನಕ್ಷೆ. ಆದರೆ ಸವೆದ ಜಾಗದಲ್ಲಿ ಅಳೆದರೆ ಸವೆದ ಅಳತೆಯೇ ಸಿಗುತ್ತದೆ. ಅಂಚಿನಲ್ಲಿ, ಉಜ್ಜಾಟ ತಗುಲದ ಕಡೆ ಅಳೆಯಿರಿ. ಭಾಗ ಕೂಡುವ ರಂಧ್ರ, ಅದರೊಳಗೆ ತಿರುಗುವ ಪಿನ್ನು, ಅದರ ಉದ್ದ, ಈ ಮೂರನ್ನೂ ಮೈಕ್ರೋಮೀಟರಿನಿಂದ ಎರಡೆರಡು ಬಾರಿ ಅಳೆದು ಬರೆದಿಟ್ಟುಕೊಳ್ಳಿರಿ. ಅದು ಏಕೆ ಸವೆಯಿತು ಎಂಬುದನ್ನೂ ಕೇಳಿಕೊಳ್ಳಿರಿ. ಎಣ್ಣೆಯ ರಂಧ್ರ ಮುಚ್ಚಿದ್ದರಿಂದ ಸವೆದಿದ್ದರೆ, ಹೊಸ ಭಾಗಕ್ಕೂ ಅದೇ ಗತಿ.

ಬುಷ್ ಮಾಡಿಸುವುದು

ಕನೆಕ್ಟಿಂಗ್ ರಾಡಿನ ಮೇಲಿನ ಕಣ್ಣಿನಲ್ಲಿ ಪಿಸ್ಟನ್ ಪಿನ್ನನ್ನು ಹಿಡಿದಿರುವ ಬುಷ್ ಸವೆದರೆ ಎಂಜಿನ್ನಿನಿಂದ 'ಟಕ ಟಕ' ಎಂಬ ಸದ್ದು ಬರುತ್ತದೆ. ಇದನ್ನು ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಸರಳಿನಿಂದ ಮಾಡಿಸಬೇಕು. ಗನ್‌ಮೆಟಲ್ ಎಂದರೆ ತೋಪಿನ ಲೋಹ ಎಂದೇ ಅರ್ಥ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ನೀವು ಕಂಡಿದ್ದೀರಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಆ ತೋಪೂ ತಾಮ್ರ, ತವರಗಳ ಬೆರಕೆಯೇ. ಪ್ರಮಾಣ ಬೇರೆ, ಮೂಲ ಒಂದೇ. ಅಗ್ಗವೆಂದು ಹಿತ್ತಾಳೆಯ ಬುಷ್ ಹಾಕಿಸಿದರೆ ಬೇಗ ಸವೆದು ಮತ್ತೆ ಎಂಜಿನ್ ಬಿಚ್ಚಬೇಕಾದೀತು.

ಬುಷ್‌ನ ಹೊರ ಅಳತೆ ಕಣ್ಣಿನ ಅಳತೆಗಿಂತ ಸುಮಾರು 0.03ರಿಂದ 0.05 ಮಿಲಿಮೀಟರ್ ಹೆಚ್ಚಾಗಿರಬೇಕು. ಆಗ ಅದು ಬಿಗಿಯಾಗಿ ಕೂಡುತ್ತದೆ. ಸುತ್ತಿಗೆಯಿಂದ ಬಡಿಯಬೇಡಿರಿ, ವೈಸಿನಲ್ಲಿ ನೇರವಾಗಿ ಒತ್ತಿ ಕೂಡಿಸಿರಿ. ಹಾಗೆ ಒತ್ತಿದಾಗ ಒಳರಂಧ್ರ ಸ್ವಲ್ಪ ಕುಗ್ಗುತ್ತದೆ. ಅದಕ್ಕಾಗಿಯೇ ಒಳ ಅಳತೆಯನ್ನು ಮೊದಲೇ ಮುಗಿಸಬಾರದು. ಕೂಡಿಸಿದ ಮೇಲೆ ರೀಮರ್ ಹಾಕಿ ಮುಗಿಸಬೇಕು. ಎಣ್ಣೆಯ ರಂಧ್ರ ಕೊರೆಯಲು ಮರೆಯಬೇಡಿರಿ. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಜಾರಿ ಹೋಗಬೇಕು, ಆದರೆ ಅಲ್ಲಾಡಬಾರದು. ಇದೇ ಪರೀಕ್ಷೆ.

ಹಿಂಚಕ್ರದ ಕವೆಯ ಬುಷ್ ಸವೆದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಬಾಲದಂತೆ ಅಲ್ಲಾಡುತ್ತದೆ. ಅದನ್ನೂ ಹೀಗೆಯೇ ಮಾಡಿಸಬಹುದು. ಒಳಗೆ ಗ್ರೀಸ್ ನಿಲ್ಲುವಂತೆ ಗಾಡಿ ಕೊರೆಸಿರಿ.

ಗಾಳಿ ನುಸುಳಬಾರದು

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್, ಎಣ್ಣೆ, ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಪೆಟ್ಟಿಗೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಆದುದರಿಂದ ಆ ಪೆಟ್ಟಿಗೆ ಗಾಳಿಯಾಡದಂತಿರಬೇಕು. ಹಳೆಯ ಆಯಿಲ್ ಸೀಲ್ ಅಥವಾ ಪ್ಯಾಕಿಂಗಿನ ಸಂದಿಯಿಂದ ಗಾಳಿ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಮತ್ತು ಎಣ್ಣೆಯ ಪಾಲು ಕಡಿಮೆಯಾಗಿ ಪಿಸ್ಟನ್ ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡರೆ, ಓಡುತ್ತಿರುವ ಗಾಡಿಯ ಹಿಂಚಕ್ರ ಒಮ್ಮೆಲೇ ನಿಂತುಬಿಡಬಹುದು. ಹಾಗಾದಾಗ ತಕ್ಷಣ ಕ್ಲಚ್ ಹಿಡಿಯಬೇಕು. ಒಂದು ಕ್ಷಣ ತಡವಾದರೂ ಸವಾರ ನೆಲಕ್ಕೆ ಬೀಳಬಹುದು.

ಪ್ಯಾಕಿಂಗನ್ನು ಮನೆಯಲ್ಲೇ ಕತ್ತರಿಸಬಹುದು. ಆದರೆ ಹಾಳೆಯ ದಪ್ಪ ಮೊದಲಿನಷ್ಟೇ ಇರಲಿ. ಸಿಲಿಂಡರಿನ ಬುಡದ ಪ್ಯಾಕಿಂಗ್ ದಪ್ಪವಾದರೆ ಸಿಲಿಂಡರ್ ಮೇಲೇರಿ, ಅದರ ಕಿಂಡಿಗಳು ತೆರೆಯುವ, ಮುಚ್ಚುವ ಸಮಯವೇ ಬದಲಾಗುತ್ತದೆ. ಸಿಲಿಂಡರ್ ಬೋರ್ ಮಾಡಿಸುವಾಗ ಹೊಸ ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಿರಿ. ಮೊದಲು ಬೋರ್, ಆಮೇಲೆ ಪಿಸ್ಟನ್ ಹುಡುಕಾಟ ಎಂಬುದು ತಲೆಕೆಳಗಾದ ದಾರಿ.

ಥ್ರೆಡ್ ಮತ್ತು ಬಿರುಕು

ಜಾವಾ, ಯೆಜ್ಡಿಗಳ ನಟ್ಟು, ಬೋಲ್ಟುಗಳು ಮೆಟ್ರಿಕ್ ಅಳತೆಯವು. ಮದರಾಸಿನ ಹಳೆಯ ಬುಲೆಟ್ ಗಾಡಿಗಳಲ್ಲಿ ಬ್ರಿಟಿಷ್ ಅಳತೆಯ ಥ್ರೆಡ್‌ಗಳಿದ್ದವು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಸ್ಪಾರ್ಕ್ ಪ್ಲಗ್ಗಿನ 14 ಮಿಲಿಮೀಟರ್ ರಂಧ್ರ ಹೀಗೆ ಹಾಳಾಗಿದ್ದರೆ, ಅದನ್ನು ದೊಡ್ಡದು ಮಾಡಿ, ಒಳಗೂ ಹೊರಗೂ ಥ್ರೆಡ್ ಇರುವ ಬುಷ್ ಕೂಡಿಸಬಹುದು. ಎಂಜಿನ್ ಕವಚ ಬಿರುಕು ಬಿಟ್ಟಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿರಿ. ಅದಕ್ಕೆ ಮುಂಚೆ ಎಣ್ಣೆಯ ಜಿಡ್ಡು ಪೂರ್ತಿ ಹೋಗಿರಬೇಕು. ಜಿಡ್ಡಿನ ಮೇಲೆ ಮಾಡಿದ ವೆಲ್ಡಿಂಗ್ ನಿಲ್ಲುವುದಿಲ್ಲ.

ತಗಡಿನ ಕೆಲಸ

ಮಡ್‌ಗಾರ್ಡ್, ಟೂಲ್ ಪೆಟ್ಟಿಗೆಯ ಮುಚ್ಚಳ, ಚೈನ್ ಕವರ್ ಇವನ್ನು ಧೈರ್ಯವಾಗಿ ಮಾಡಿಸಿರಿ. ಮೊದಲು ದಪ್ಪ ರಟ್ಟಿನಲ್ಲಿ ನಮೂನೆ ಕತ್ತರಿಸಿ ಗಾಡಿಗೆ ಹಿಡಿದು ನೋಡಿರಿ. ರಟ್ಟು ಕೆಟ್ಟರೆ ಹೋಗುವುದು ಒಂದು ಹಾಳೆ. ತಗಡು ಕೆಟ್ಟರೆ ಹೋಗುವುದು ಒಂದು ದಿನದ ದುಡಿಮೆ. ಮಡ್‌ಗಾರ್ಡ್ ಕೂಡಿಸಿದ ಮೇಲೆ ಇಬ್ಬರನ್ನು ಗಾಡಿಯ ಮೇಲೆ ಕೂಡ್ರಿಸಿ, ಸ್ಪ್ರಿಂಗ್ ಪೂರ್ತಿ ಒತ್ತಿದಾಗಲೂ ಟಯರ್ ತಾಗುವುದಿಲ್ಲ ಎಂಬುದನ್ನು ಖಾತ್ರಿಪಡಿಸಿಕೊಳ್ಳಿರಿ. ಬಣ್ಣ ಕೊನೆಯ ಕೆಲಸ. ಎಲ್ಲ ಭಾಗಗಳನ್ನು ಒಮ್ಮೆ ಕೂಡಿಸಿ, ಸರಿ ಎನಿಸಿದ ಮೇಲೆ ಮತ್ತೆ ಬಿಚ್ಚಿ ಬಣ್ಣ ಹೊಡೆಸಿರಿ.

ಪೆಟ್ರೋಲ್ ಟ್ಯಾಂಕಿನ ಮಾತು ಬೇರೆ. ಖಾಲಿ ಟ್ಯಾಂಕು ಅಪಾಯವಿಲ್ಲದ್ದು ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಸಿಡಿಯುವುದು ಒಳಗೆ ಉಳಿದಿರುವ ಪೆಟ್ರೋಲ್ ಆವಿ. ವರ್ಷಗಟ್ಟಲೆ ಒಣಗಿದ ಟ್ಯಾಂಕಿನಲ್ಲಿಯೂ ಮಡಿಕೆಗಳಲ್ಲಿ ಆವಿ ಅಡಗಿರಬಹುದು. ಬಿಸಿನೀರು, ಸೋಪಿನ ಪುಡಿಯಿಂದ ಹಲವು ಬಾರಿ ತೊಳೆದು, ವೆಲ್ಡಿಂಗ್ ಮಾಡುವ ಜಾಗವಷ್ಟೇ ಬಿಟ್ಟು ನೀರು ತುಂಬಿಸಿ, ಅನುಭವಿಗಳಿಂದಲೇ ಈ ಕೆಲಸ ಮಾಡಿಸಬೇಕು.

ಇವನ್ನು ಮಾಡಿಸಬೇಡಿರಿ

ಮುಂದಿನ ಫೋರ್ಕಿನ ಕೊಳವೆ, ಚಕ್ರದ ಆಕ್ಸಲ್, ಹ್ಯಾಂಡಲ್, ಬ್ರೇಕ್ ತಟ್ಟೆಯನ್ನು ತಡೆಹಿಡಿಯುವ ಪಟ್ಟಿ, ಇವುಗಳನ್ನು ಕೈಗೆ ಸಿಕ್ಕ ಸರಳು, ಪಟ್ಟಿಗಳಿಂದ ಮಾಡಿಸಬಾರದು, ಬಿರುಕು ಬಿಟ್ಟರೆ ವೆಲ್ಡಿಂಗ್ ಹಾಕಿಸಲೂಬಾರದು. ಮೆದು ಉಕ್ಕಿನ ಆಕ್ಸಲ್ ನೋಡಲು ಮೂಲದಂತೆಯೇ ಹೊಳೆಯುತ್ತದೆ. ಆದರೆ ಗುಂಡಿಗೆ ಬಿದ್ದಾಗ ಬಾಗುತ್ತದೆ. ಆ ಪಟ್ಟಿ ಮುರಿದರೆ ಬ್ರೇಕ್ ತಟ್ಟೆಯೇ ಚಕ್ರದೊಂದಿಗೆ ತಿರುಗಿ, ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿರಿ: ಈ ಭಾಗ ಮುರಿದರೆ ಗಾಡಿ ನಿಲ್ಲುತ್ತದೆಯೋ, ನಾನು ಬೀಳುತ್ತೇನೋ? ಬೀಳುವುದಾದರೆ ಕಾರ್ಖಾನೆಯಲ್ಲಿ ತಯಾರಾದ ಭಾಗವನ್ನೇ ಹುಡುಕಿರಿ. ಸಿಗುವ ತನಕ ಕಾಯಿರಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸವೆದ ಬುಷ್ ಬದಲಿಸುವುದು ದುರಸ್ತಿ. ಚೌಕಟ್ಟನ್ನು ಕತ್ತರಿಸಿ ಉದ್ದ ಮಾಡುವುದು ಮಾರ್ಪಾಡು. ಚಾಸಿ ಸಂಖ್ಯೆಯನ್ನು ಉಜ್ಜಿ ಅಳಿಸಬೇಡಿರಿ, ಬಣ್ಣದಲ್ಲಿ ಮುಚ್ಚಬೇಡಿರಿ. 2021ರಲ್ಲಿ ಬಂದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೈಸೂರಿನ ಮೊದಲ ಜಾವಾಗಳು ಈ ವಯಸ್ಸನ್ನು ದಾಟಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮ ಉದ್ದೇಶ ಯಾವುದೆಂದು ಮೊದಲೇ ನಿರ್ಧರಿಸಿಕೊಳ್ಳಿರಿ.

ಕೊನೆಯದಾಗಿ, ಮಾಡಿಸಿದ ಪ್ರತಿ ಭಾಗದ ಅಳತೆ, ಲೋಹ, ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ತೆಗೆದ ಹಳೆಯ ಭಾಗವನ್ನು ಎಣ್ಣೆ ಹಚ್ಚಿ, ಚೀಟಿ ಕಟ್ಟಿ ಕಾಪಾಡಿರಿ. ನಿಮ್ಮ ಅಜ್ಜ ಅಂಥದೊಂದು ವಹಿ ಬಿಟ್ಟುಹೋಗಿದ್ದರೆ ಇಂದು ನಿಮ್ಮ ಕೆಲಸ ಎಷ್ಟು ಹಗುರವಾಗುತ್ತಿತ್ತು! ನಿಮ್ಮ ಮೊಮ್ಮಕ್ಕಳಿಗೆ ಗಾಡಿಯ ಜೊತೆಗೆ ಆ ವಹಿಯೂ ಸಿಗಲಿ.